ನಲವತ್ತೆಂಟು ರೊಟ್ಟಿ ಹೆಚ್ಚು

ನಮ್ಮ ರೊಟ್ಟಿಗಳು ತಿರುಗಿ ಬಂದದ್ದು ಕೆಟ್ಟಿವೆ ಎಂದಲ್ಲ, ಮುರಿದಿವೆ ಎಂದಲ್ಲ, ಕಡಿಮೆ ಬಿದ್ದಿವೆ ಎಂದಂತೂ ಅಲ್ಲವೇ ಅಲ್ಲ. ಹೆಚ್ಚಾಗಿವೆ ಎಂದು ತಿರುಗಿ ಬಂದವು. ಕೇಂದ್ರ ಸರಕಾರದ ಒಂದು ತರಬೇತಿ ಹಾಸ್ಟೆಲಿನವರು ಸಾವಿರದ ಇನ್ನೂರು ಖಡಕ್ ರೊಟ್ಟಿ ಕೇಳಿದ್ದರು. ನಾವು ಸಾವಿರದ ಇನ್ನೂರ ನಲವತ್ತೆಂಟು ಕಳಿಸಿದ್ದೆವು. ಬೆಳಿಗ್ಗೆ ಒಯ್ದ ಟಂಟಂ ಗಾಡಿಯವನು ಮಧ್ಯಾಹ್ನವೇ ವಿಜಯಪುರದ ಇಬ್ರಾಹಿಂಪುರ ಓಣಿಯ ನಮ್ಮ ಬಾಗಿಲಿಗೆ ಬಂದು, ಪೆಟ್ಟಿಗೆಗಳನ್ನೆಲ್ಲ ಕಟ್ಟೆಯ ಮೇಲೆ ಇಳಿಸಿ, "ತೊಗೊಳ್ರಿ ಅಕ್ಕಾರ, ಸರಕಾರದ ಹೊಟ್ಟಿ ತುಂಬೇತಂತ" ಎಂದು ಹೇಳಿ ಹೋದ.

ಈಗ ನೆನೆಸಿಕೊಂಡರೆ ನಗು ಬರುತ್ತದೆ. ಆವತ್ತು ಯಾರೂ ನಗಲಿಲ್ಲ.

ನಾವು ಹನ್ನೊಂದು ಜನ ಹೆಂಗಸರು. ರೈಲು ಹಳಿಯ ಪಕ್ಕದಲ್ಲಿ ಎರಡು ಖೋಲಿ ಬಾಡಿಗೆಗೆ ಹಿಡಿದು ಜೋಳದ ರೊಟ್ಟಿ ಬಡಿಯುತ್ತೇವೆ. ಬಡಿದು, ಬೇಯಿಸಿ, ಒಲೆಯ ಸುತ್ತ ನಿಲ್ಲಿಸಿ ಗರಿಗರಿಯಾಗುವ ತನಕ ಒಣಗಿಸಿದರೆ ಅದು ಖಡಕ್ ರೊಟ್ಟಿ, ತಿಂಗಳುಗಟ್ಟಲೆ ಕೆಡುವುದಿಲ್ಲ. ಗೂಡ್ಸ್ ಗಾಡಿ ಹೋಗುವಾಗ ಪೇರಿಸಿಟ್ಟ ರೊಟ್ಟಿಗಳೆಲ್ಲ ಬಳೆ ಅಲುಗಾಡಿದ ಹಾಗೆ ಸದ್ದು ಮಾಡುತ್ತವೆ. ಮೊದಲು ಒಂದಷ್ಟು ಮುರಿಯುತ್ತಿದ್ದವು. ಕೆಳಗೆ ಹಳೆಯ ಸೀರೆ ಹಾಸುವುದನ್ನು ಕಲಿತೆವು.

ಬಡಿಯುವವರು ಹತ್ತು ಜನ, ಕಟ್ಟುವವಳು ಒಬ್ಬಳು. ಅವಳು ಕಳ್ಳಕವಟಗಿಯ ಕಡೆಯವಳು. ಊರಿನ ಹೆಸರನ್ನೇ ಅವಳ ಹೆಸರು ಮಾಡಿಕೊಂಡಿದ್ದೇವೆ, ಕಳ್ಳಕವಟಗಿಯಾಕಿ ಎಂದು. ವಯಸ್ಸಿನಲ್ಲಿ ನಮಗೆಲ್ಲ ಹಿರಿಯಳು. ಬಾಯಿ ಖಾರ, ಕೈ ಮೆತ್ತಗೆ. ಎಣಿಸುವಾಗ ಅವಳು ಒಂದು ಎನ್ನುವುದಿಲ್ಲ. ರಾಶಿ ಅಳೆಯುವ ಒಕ್ಕಲು ಮಕ್ಕಳ ಹಾಗೆ "ಲಾಭಾ" ಎಂದು ಶುರು ಮಾಡಿ, ಎರಡು, ಮೂರು ಎಂದು ಹೋಗುತ್ತಾಳೆ. ಇಪ್ಪತ್ತೈದು ಆದ ಮೇಲೆ ಬಾಯಿ ಮುಚ್ಚಿ, ಮಾತಿಲ್ಲದೆ ಇನ್ನೊಂದು ರೊಟ್ಟಿ ಮೇಲೆ ಇಟ್ಟು ದಾರ ಸುತ್ತುತ್ತಾಳೆ. ಆ ಇನ್ನೊಂದು ಕೊಸರು. ನಲವತ್ತೆಂಟು ಗಂಟಿಗೆ ನಲವತ್ತೆಂಟು ಕೊಸರು. ಇಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ, ಬೇಡ ಎಂದು ಹೇಳಬೇಕೆಂದೂ ನಮಗೆ ಹೊಳೆದಿರಲಿಲ್ಲ. ಉಸಿರಾಡಬೇಡ ಎಂದು ಯಾರಿಗಾದರೂ ಹೇಳುತ್ತೇವೆಯೇ?

ಕೊಸರನ್ನು ನಾನು ಕಲಿತದ್ದು ನಮ್ಮ ಅಮ್ಮನ ತಾಯಿಯಿಂದ. ಆಕೆ ಜೈನಾಪುರದವಳು. ವಾರಕ್ಕೊಮ್ಮೆ ಬಬಲೇಶ್ವರದ ಸಂತೆಗೆ ಬಳ್ಳೊಳ್ಳಿ, ಒಣಮೆಣಸಿನಕಾಯಿ ಮಾರಲು ತರುತ್ತಿದ್ದಳು, ಜೊತೆಗೆ ನನ್ನನ್ನೂ. ನನಗೆ ಮಾತು ಕಲಿಸಿದ್ದೂ ಆ ಸಂತೆಯೇ ಎನ್ನಬೇಕು, ಸಾಲಿಯಲ್ಲಿ ಕಲಿತದ್ದು ಬರೆಯುವುದನ್ನು ಮಾತ್ರ. ಅಜ್ಜಿ ಅಳೆದು ಹಾಕಿದ ಮೇಲೆ ಕೊಳ್ಳಲು ಬಂದವರು ಹೋಗುತ್ತಿರಲಿಲ್ಲ. ಉಡಿಯೊಡ್ಡಿಕೊಂಡು ಹಾಗೆಯೇ ನಿಂತಿರುತ್ತಿದ್ದರು. ಅಜ್ಜಿ ಬೇಕೆಂದೇ ಬೇರೆ ಕಡೆ ನೋಡುವಳು. ಅವರು ಕೆಮ್ಮುವರು. ಕೊನೆಗೆ ಇವಳು ಒಂದು ಹಿಡಿ ಎತ್ತಿ ಹಾಕಿದಾಗ ಇಬ್ಬರ ಮುಖವೂ ಅರಳುತ್ತಿತ್ತು. ಒಮ್ಮೆ ನಾನು, ಕೇಳಿದ್ದಷ್ಟೇ ಕೊಟ್ಟರೆ ಏನಾಗುತ್ತದೆ ಎಂದು ಕೇಳಿದೆ. "ಸೇರಿನಾಗ ಬಂದದ್ದು ಸೇರು ಕೊಟ್ಟದ್ದು, ಯವ್ವಾ. ನಾ ಏನ ಕೊಟ್ಟಂಗಾತು?" ಎಂದಳು. ಅಷ್ಟಕ್ಕೇ ಆ ಪಾಠ ಮುಗಿಯಿತು.

ಸರಕಾರಕ್ಕೆ ಮಾರುವ ಮಟ್ಟಕ್ಕೆ ನಾವು ಹೇಗೆ ಬಂದೆವು ಎಂದು ಹೇಳಬೇಕು. ಮೊದಲೂ ನಮ್ಮ ರೊಟ್ಟಿ ಆ ಹಾಸ್ಟೆಲಿಗೆ ಹೋಗುತ್ತಿತ್ತು, ಒಬ್ಬ ಗುತ್ತಿಗೆದಾರನ ಹೆಸರಿನಲ್ಲಿ. ತಿನ್ನುವವರಿಗೆ ನಾವು ಯಾರೆಂದು ಗೊತ್ತಿರಲಿಲ್ಲ. ಆಮೇಲೆ ಕೇಂದ್ರ ಸರಕಾರ ತನ್ನ ಖರೀದಿಯನ್ನೆಲ್ಲ ಆನ್‌ಲೈನ್ ಪೇಟೆಗೆ ತಂದಿತು. ಯಾರು ಬೇಕಾದರೂ ನೇರವಾಗಿ ಮಾರಬಹುದು, ನಮ್ಮಂಥ ಸಂಘಗಳಿಗೆ ಹಿಂದಿನ ಅನುಭವದ ಷರತ್ತೂ ಇಲ್ಲ ಎಂದರು. ಒಳ್ಳೆಯದನ್ನು ಒಳ್ಳೆಯದು ಎನ್ನಬೇಕು. ಆ ಬಾಗಿಲು ತೆರೆಯದಿದ್ದರೆ ನಾವು ಇವತ್ತಿಗೂ ಗುತ್ತಿಗೆದಾರನ ಹಿತ್ತಲಲ್ಲೇ ಇರುತ್ತಿದ್ದೆವು.

ನಮ್ಮನ್ನು ಅದರಲ್ಲಿ ನೋಂದಾಯಿಸಿದವರು ಪಕ್ಕದ ಮನೆಯ ಸ್ಟೋರ್ ಕಾಕಾ. ಸರಕಾರಿ ಕಚೇರಿಯೊಂದರ ಸ್ಟೋರಿನಲ್ಲಿ ಇಡೀ ನೌಕರಿ ಕಳೆದು ನಿವೃತ್ತರಾದವರು. ಪೇಟೆಯ ಪಟ್ಟಿಯಲ್ಲಿ ಪೆನ್ಸಿಲಿಗೆ ಇಪ್ಪತ್ತು ಬಗೆಯಿದ್ದವು, ಜೋಳದ ರೊಟ್ಟಿಗೆ ಒಂದೂ ಇರಲಿಲ್ಲ. ಕಾಕಾ ಬಹಳ ಹುಡುಕಿ, "ಬಿಸ್ಕತ್ತು, ಇತರೆ" ಎನ್ನುವುದನ್ನು ಒತ್ತಿದರು. ಹೀಗೆ ನಮ್ಮ ರೊಟ್ಟಿ ಸರಕಾರದ ಕಣ್ಣಲ್ಲಿ ಬಿಸ್ಕತ್ತಾಯಿತು. ಅಗಲ ಎಷ್ಟು, ದಪ್ಪ ಎಷ್ಟು ಎಂದು ಕೇಳಿತು. ಕಳ್ಳಕವಟಗಿಯಾಕಿ ಮನೆಯಿಂದ ಒಂದು ಸ್ಟೀಲಿನ ತಾಟು ತಂದು ಕೊಟ್ಟಳು. ಅಂದಿನಿಂದ ಆ ತಾಟಿನೊಳಗೆ ಕೂತದ್ದು ಸರಕಾರದ ರೊಟ್ಟಿ, ಹೊರಗೆ ಚಾಚಿದ್ದು ನಮ್ಮ ಊಟದ ರೊಟ್ಟಿ.

ಇಷ್ಟೆಲ್ಲ ಮಾಡಿ ಕಳಿಸಿದ ಮೊದಲ ಮಾಲು ಹೆಚ್ಚಾಯಿತೆಂದು ವಾಪಸ್ ಬಂದಿತ್ತು.

ಮರುದಿನ ನಾನು ಹಾಸ್ಟೆಲಿಗೆ ಹೋದೆ. ಅಲ್ಲಿನ ಸ್ಟೋರ್‌ಕೀಪರು ಕೆಟ್ಟ ಮನುಷ್ಯನಲ್ಲ. ಬಬಲೇಶ್ವರದ ಕಡೆಯವರೇ, ಮಾತಿನ ಧಾಟಿಯಲ್ಲೇ ಗೊತ್ತಾಗುತ್ತಿತ್ತು. ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ ತೋರಿಸಿದರು: ಕೇಳಿದ್ದು ಎಷ್ಟು, ಬಂದದ್ದು ಎಷ್ಟು ಎಂದು ಎರಡು ಚೌಕ. ಬಂದದ್ದು ಹೆಚ್ಚಿದ್ದರೆ ಅದು ಕೆಂಪಾಗಿ ನಿಲ್ಲುತ್ತದೆ, ಮುಂದೆ ಹೋಗುವುದಿಲ್ಲ. ಅವರು ಒಂದು ಗಂಟು ಬಿಚ್ಚಿ ಎಣಿಸಿದರಂತೆ, ಇಪ್ಪತ್ತಾರು. ಇನ್ನೊಂದು ಬಿಚ್ಚಿದರಂತೆ, ಅದೂ ಇಪ್ಪತ್ತಾರು. ಆಮೇಲೆ ಎಲ್ಲವನ್ನೂ ಬಿಚ್ಚಿದರಂತೆ.

ಪರಿಹಾರವನ್ನೂ ಅವರೇ ಸಿದ್ಧ ಮಾಡಿಟ್ಟಿದ್ದರು. ಅಚ್ಚಾದ ಒಂದು ಕಾಗದ. "ಎಣಿಕೆಯಲ್ಲಿ ನಮ್ಮಿಂದ ತಪ್ಪಾಗಿದೆ, ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇವೆ" ಎಂದಿತ್ತು. ಸಹಿ ಮಾಡಿದರೆ ಅಲ್ಲಿಗೆ ಮುಗಿಯಿತು. ಮಾಡದಿದ್ದರೆ ನೋಟಿಸು ಬರುತ್ತದೆ. ಹದಿನೈದು ದಿನದೊಳಗೆ ಒಪ್ಪುವಂಥ ಉತ್ತರ ಕೊಡದಿದ್ದರೆ ಎರಡು ವರ್ಷ ಸರಕಾರದ ಪೇಟೆಯಿಂದ ಹೊರಗೆ. ಒಂದು ಕಾಗದ, ಒಂದು ಸಹಿ. ಪೆನ್ನನ್ನೂ ಅವರೇ ಮುಂದೆ ಹಿಡಿದರು.

ನಾನು ಪೆನ್ನು ತೆಗೆದುಕೊಂಡೆ. ತಪ್ಪು ಎಂಬಲ್ಲಿಗೆ ಬಂದಾಗ ಕೈ ಏಳಲಿಲ್ಲ.

"ನಾವು ತಪ್ಪ ಎಣಿಸಿಲ್ರಿ" ಎಂದೆ.

"ಗೊತ್ತೈತ್ರಿ ಅಕ್ಕಾರ. ಎಲ್ಲಾ ಗಂಟಿನ್ಯಾಗೂ ಇಪ್ಪತ್ತಾರ ಅದಾವು. ತಪ್ಪ ಅಂದ್ರ ಹಿಂಗ ಆಗಂಗಿಲ್ಲ. ಆದ್ರ ಇದರಾಗ ಬ್ಯಾರೆ ಕಾರಣ ಇಲ್ಲ ನೋಡ್ರಿ."

ಹಾಗಾದರೆ ಕಾಗದವೇ ತಪ್ಪು ಎಂದು ಹೇಳಿ ಪೆನ್ನನ್ನು ಮೇಜಿನ ಮೇಲಿಟ್ಟು ಬಂದೆ. ಬರುವ ದಾರಿಯುದ್ದಕ್ಕೂ ನನ್ನ ಧೈರ್ಯಕ್ಕೆ ನಾನೇ ಬೆರಗಾಗಿದ್ದೆ. ಮನೆ ಮುಟ್ಟುವ ಹೊತ್ತಿಗೆ ಆ ಬೆರಗು ಇಳಿದು ಹೆದರಿಕೆ ಏರಿತ್ತು. ಎರಡು ವರ್ಷ ಹೊರಗೆ ಎಂದರೆ ಮತ್ತೆ ಗುತ್ತಿಗೆದಾರನ ಬಾಗಿಲು. ಹನ್ನೊಂದು ಜನರ ಬಾಗಿಲನ್ನು ನಾನೊಬ್ಬಳೇ ಮುಚ್ಚಿ ಬಂದಿದ್ದೆ.

ಖೋಲಿಯಲ್ಲಿ ದೊಡ್ಡ ವಾದವಾಯಿತು. ಒಂದು ಸಹಿಯಲ್ಲವೇ, ಹಾಕಿದರೆ ಕೈ ಸವೆಯುತ್ತದೆಯೇ ಎಂದು ಅರ್ಧ ಜನ. ಇನ್ನರ್ಧ ಜನ ನನ್ನ ಮುಖ ನೋಡುತ್ತಿದ್ದರು. ಕಳ್ಳಕವಟಗಿಯಾಕಿ ಅಲ್ಲಿಯ ತನಕ ದಾರದ ಉಂಡೆ ಸುತ್ತುತ್ತ ಕೂತಿದ್ದವಳು ಉಂಡೆಯನ್ನು ಕೆಳಗಿಟ್ಟಳು.

"ಎಣಿಸಿದಾಕಿ ನಾನು. ನನಗ ಎಣಕಿ ಬರಂಗಿಲ್ಲಂತ ನೀವು ಸರಕಾರಕ್ಕ ಬರಕೊಡ್ರಿ, ನಾಳಿ ಬೀಗರ ಮನ್ಯಾಗ ನನ್ನ ಕೈಯಾಗ ಹೋಳಗಿ ಬುಟ್ಟಿನೂ ಕೊಡಂಗಿಲ್ಲ."

ಈ ಸಲ ನಕ್ಕೆವು. ಆದರೆ ಅವಳು ನಗುತ್ತಿರಲಿಲ್ಲ. ಅವಳ ಇಡೀ ಬದುಕಿನಲ್ಲಿ ಯಾರೂ ತಪ್ಪು ಹುಡುಕದೇ ಇದ್ದದ್ದು ಆ ಎಣಿಕೆಯೊಂದರಲ್ಲಿ ಎಂದು ನನಗೆ ಗೊತ್ತಿತ್ತು. ಸಹಿ ಮಾಡುವುದಿಲ್ಲ ಎಂದು ಆಗಲೇ ಗಟ್ಟಿಯಾಯಿತು.

ನೋಟಿಸು ಬಂದ ದಿನ, ಸ್ಟೋರ್ ಕಾಕಾ ನಮ್ಮ ಪರವಾಗಿ ಮಾತಾಡುತ್ತಾರೆ ಎಂದುಕೊಂಡು ಅವರ ಮನೆಗೆ ಹೋದೆ. ಪಡಸಾಲೆಯಲ್ಲಿ ಬುದ್ಧನ ಪಟದ ಕೆಳಗಿನ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಕೇಳಿದರು. ಕೇಳಿ, ಸಹಿ ಮಾಡು ಎಂದರು. ಸರಕಾರಕ್ಕೆ ಬುದ್ಧಿ ಇಲ್ಲ, ಹೆಚ್ಚು ಕೊಟ್ಟರೆ ಒಲ್ಲೆ ಎನ್ನುತ್ತದೆ ಎಂದು ನಾನು ಸಿಟ್ಟಿನಲ್ಲಿ ಅಂದೆ. ಆಗ ಅವರು ಕನ್ನಡಕ ತೆಗೆದು ಒರೆಸುತ್ತ ಒಂದು ಸಂಗತಿ ಹೇಳಿದರು. ಅದನ್ನು ಅವರು ಮತ್ತೆ ಯಾರ ಮುಂದೆಯೂ ಹೇಳಿರಲಿಕ್ಕಿಲ್ಲ.

ಅವರು ನೌಕರಿಗೆ ಸೇರಿದ ಹೊಸದರಲ್ಲಿ ಒಬ್ಬ ಗುತ್ತಿಗೆದಾರ ನೂರು ಕಂಬಳಿಗೆ ಹತ್ತು ಕಂಬಳಿ ಹೆಚ್ಚು ತರುತ್ತಿದ್ದನಂತೆ. ನೂರು ಪುಸ್ತಕದಲ್ಲಿ ಏರುತ್ತಿದ್ದವು, ಹತ್ತು ಮನೆಮನೆಗೆ ಹೋಗುತ್ತಿದ್ದವು. ಎರಡು ಇವರ ಮನೆಗೂ ಬಂದವು.

"ಆ ಕಂಬಳಿ ಹೊತಗೊಂಡು ಮಲಗಿದಾವ, ಮುಂದ ಬಂದ ನೂರರಾಗ ತೂತ ಇದ್ರ ಹೆಂಗ ನೋಡ್ತಾನು ಹೇಳು. ನಾನೂ ನೋಡ್ಲಿಲ್ಲ, ತಂಗೀ. ಅದಕ್ಕ ಈ ನಿಯಮ ಬಂದೈತಿ. ನಿನ್ನಂಥಾಕಿ ಸಲುವಾಗಿ ಅಲ್ಲ, ನನ್ನಂಥಾವನ ಸಲುವಾಗಿ."

ಎದುರಾಳಿಗೆ ಬುದ್ಧಿಯಿಲ್ಲ ಎಂದುಕೊಂಡು ಜಗಳಕ್ಕೆ ಹೋಗುವುದು ಸುಲಭ. ನಿಯಮಕ್ಕೂ ಒಂದು ನೆನಪಿದೆ, ಅದರ ನೆನಪೂ ನಿಜವೇ ಎಂದು ತಿಳಿದ ಮೇಲೆ ಜಗಳದ ದಾರಿ ಬದಲಾಗಬೇಕಾಗುತ್ತದೆ. ಚಹಾ ಬಂತು, ಕುಡಿದೆ. ಎದ್ದು ಹೊರಡುವಾಗ ನನಗೇ ಅರ್ಥವಾದದ್ದನ್ನು ಹೇಳಿದೆ: ಆ ಹತ್ತು ಕಂಬಳಿಯನ್ನೂ ಎಲ್ಲರೆದುರು ಪುಸ್ತಕದಲ್ಲಿ ಬರೆದಿದ್ದರೆ ಅವು ಯಾರ ಮನೆಗೂ ಹೋಗುತ್ತಿರಲಿಲ್ಲ, ಅಲ್ಲವೇ? ಬರೆಯಲು ಜಾಗ ಇಲ್ಲದ್ದಕ್ಕೇ ನಿಮ್ಮದು ಮುಚ್ಚಿಹೋಯಿತು, ನಮ್ಮದು ತಪ್ಪಾಯಿತು. ನಾವು ಕೇಳಬೇಕಾದದ್ದು ಮಾಫಿಯನ್ನಲ್ಲ, ಜಾಗವನ್ನು.

ಕಾಕಾ ಕನ್ನಡಕ ಹಾಕಿಕೊಂಡು, ಕೂಡು, ಉತ್ತರ ಬರೆಯೋಣ ಎಂದರು.

ಅವರು ಇಂಗ್ಲಿಷಿನಲ್ಲಿ ಮೂರು ಸಾಲು ಸಾಕು ಎಂದರು. ನಾನು ಕನ್ನಡದಲ್ಲಿ ಎರಡು ಪುಟ ಬರೆದೆ. ಕೊಸರು ಎಂದರೇನು, ಅದನ್ನು ಯಾರು ಇಟ್ಟರು, ಯಾಕೆ ಇಟ್ಟರು, ಅದು ಯಾವ ಅಧಿಕಾರಿಯ ಮನೆಗೂ ಅಲ್ಲ, ಊಟಕ್ಕೆ ಕೂತ ತರಬೇತಿಯವರ ತಾಟಿಗೆ ಎಂದು ಬರೆದೆ. ಎಣಿಕೆ ಸರಿಯಾಗಿದೆ ಎಂದು ಕೊನೆಯಲ್ಲಿ ಎರಡು ಸಲ ಬರೆದೆ. ಕಾಕಾ ಒಂದನ್ನು ಹೊಡೆದುಹಾಕಿದರು. ಮನೆಗೆ ಬಂದು ಮತ್ತೆ ಸೇರಿಸಿ ಕಳಿಸಿದೆ.

ಆ ಹದಿನೈದು ದಿನದ ನಡುವೆಯೇ ವಿಜಯಪುರದಲ್ಲೇ ಒಂದು ಸಭೆ ಬಂತು. ಖರೀದಿಯ ನಿಯಮಗಳನ್ನು ತಿದ್ದಬೇಕಾಗಿದೆ, ಸಣ್ಣ ಮಾರಾಟಗಾರರು ಬಂದು ತಮ್ಮ ಅಭಿಪ್ರಾಯ ಹೇಳಬೇಕು ಎಂದು ಕರೆದಿದ್ದರು. ನಾನೂ ಕಳ್ಳಕವಟಗಿಯಾಕಿಯೂ ಹೋದೆವು. ಅವಳ ಕೈಯಲ್ಲಿ ಒಂದು ಗಂಟು ರೊಟ್ಟಿ. ಬರಿಗೈಯಲ್ಲಿ ಯಾರ ಮನೆಗೂ ಹೋಗುವ ಅಭ್ಯಾಸ ಅವಳಿಗಿಲ್ಲ.

ಸಭೆಯಲ್ಲಿ ದೊಡ್ಡದೊಡ್ಡ ಮಾತು ನಡೆದವು. ಎಲ್ಲರಿಗಿಂತ ಕಡಿಮೆ ದರ ಬರೆದವನಿಗೇ ಆರ್ಡರು ಎನ್ನುವ ಪದ್ಧತಿ ಸರಿಯೋ ತಪ್ಪೋ ಎಂದು ಬಹಳ ಹೊತ್ತು ಚರ್ಚೆಯಾಯಿತು. ನಾನು ಕೇಳುತ್ತ ಕೂತಿದ್ದೆ. ಕಡಿಮೆ ಬರೆದು ಗೆದ್ದವನು ಆಮೇಲೆ ಎಲ್ಲಿ ಕೆತ್ತಲಿ, ಎಲ್ಲಿ ಸವರಲಿ ಎಂದೇ ನೋಡುತ್ತಿರುತ್ತಾನೆ. ಅಂಥ ಪೇಟೆಯಲ್ಲಿ ನಾವು ಮೇಲೊಂದು ಇಡಲು ಹೋಗಿದ್ದೆವು. ನೋಟಿಸು ಬಾರದೆ ಇನ್ನೇನು ಬರುತ್ತದೆ?

ನನ್ನ ಸರದಿ ಬಂದಾಗ ದನಿ ನಡುಗಲಿಲ್ಲ; ಅದು ಬಬಲೇಶ್ವರದ ಸಂತೆಯಲ್ಲಿ ತಯಾರಾದ ದನಿ. ನಮ್ಮ ಕಥೆ ಹೇಳಿದೆ. ವೇದಿಕೆಯ ಮೇಲಿದ್ದ ಹಿರಿಯ ಅಧಿಕಾರಿ ನಗುತ್ತ, ಅದಕ್ಕೇನಮ್ಮ, ಮುಂದಿನ ಸಲ ಹೆಚ್ಚಿಗೆ ಕೊಡದಿದ್ದರಾಯಿತು ಎಂದರು. ಜನರೂ ನಕ್ಕರು.

"ಸಾಹೇಬ್ರ" ಎಂದೆ. "ಕಡಿಮಿ ಕೊಟ್ಟಾವಗ ನಿಮ್ಮ ಫಾರ್ಮಿನ್ಯಾಗ ಕಾಲಂ ಐತಿ. ತಡಾ ಮಾಡಿದಾವಗ ಐತಿ, ಮುರದದ್ದು ಕೊಟ್ಟಾವಗ ಐತಿ, ಕೆಟ್ಟದ್ದು ಕೊಟ್ಟಾವಗೂ ಐತಿ. ಎಲ್ಲಾರ ಎದುರಿಗೆ ಒಂದ ಹೆಚ್ಚಿಗಿ ಇಟ್ಟಾಕಿಗಿ ಇಲ್ಲ. ನಿಯಮ ತಿದ್ದಾಕ ಕುಂತೀರಿ, ನಮಗೂ ಒಂದ ಕಾಲಂ ಹಾಕ್ರಿ. ಅದರಾಗ ಬರೀರಿ, ಎಲ್ಲಾರೂ ನೋಡ್ಲಿ. ಬ್ಯಾಡಾದ್ರ ಬ್ಯಾಡಂತನೂ ಅದರಾಗ ಬರೀರಿ. ಆದ್ರ ನಮಗ ಎಣಿಸಾಕ ಬರಂಗಿಲ್ಲಂತ ನಾವು ಬರಕೊಡಂಗಿಲ್ಲ."

ಹಿಂದಿನ ಸಾಲಿನಿಂದ ತಿಕೋಟದ ಒಬ್ಬ ಒಣದ್ರಾಕ್ಷಿ ವ್ಯಾಪಾರಿ ಎದ್ದುನಿಂತರು. ದೊಡ್ಡ ರುಮಾಲು, ಸಣ್ಣ ದನಿ. ತಮಗೂ ಇದೇ ಕಾಗದ ಬಂದಿತ್ತು ಎಂದರು. ತೂಕವಾದ ಮೇಲೆ ಒಂದು ಬೊಗಸೆ ಹಾಕುವುದು ಅವರ ಅಪ್ಪನ ಕಾಲದ ರೂಢಿಯಂತೆ.

"ನಾ ಸಹಿ ಮಾಡಿ ಕೊಟ್ಟೇನ್ರಿ. ತಪ್ಪಾತಂತ. ಅವತ್ತಿಂದ ಕಾಳ ಹೆಚ್ಚ ಇಲ್ಲ, ಕಾಳ ಕಡಿಮಿ ಇಲ್ಲ, ಬರೋಬ್ಬರಿ ತೂಗ್ತೇನಿ. ಈಗ ಸಂತ್ಯಾಗ ಕುಂತ್ರೂ ಕೈ ಏಳವಲ್ದು."

ಅಷ್ಟು ಹೇಳಿ ಅವರು ಕೂತುಬಿಟ್ಟರು. ಸಹಿಯ ಬೆಲೆ ನನಗೆ ಸರಿಯಾಗಿ ಗೊತ್ತಾದದ್ದು ಆಗ. ಅಧಿಕಾರಿ ಏನೋ ಬರೆದುಕೊಂಡರು. ಬರೆದುಕೊಂಡಿದ್ದೇನೆ ಎಂದೂ ಹೇಳಿದರು. ಕಳ್ಳಕವಟಗಿಯಾಕಿ ರೊಟ್ಟಿಯ ಗಂಟನ್ನು ಅವರಿಗೆ ಕೊಡದೆ ತಿಕೋಟದವರಿಗೆ ಕೊಟ್ಟು ಬಂದಳು.

ಹದಿನೈದು ದಿನ ಮುಗಿದ ಮೇಲೆ ಪತ್ರ ಬಂತು. ನಮ್ಮ ವಿವರಣೆಯನ್ನು ಈ ಒಂದು ಸಲಕ್ಕೆ ಒಪ್ಪಿದ್ದರು. ಹೊರಗೆ ಹಾಕಲಿಲ್ಲ. ಆದರೆ ಆರ್ಡರಿಗಿಂತ ಹೆಚ್ಚಿನ ಪ್ರಮಾಣ ಮತ್ತೆ ಬಂದರೆ ನೋಟಿಸಿಲ್ಲದೆ ಎರಡು ವರ್ಷ ಎಂದು ಕೆಳಗೆ ಇತ್ತು. ಅದರ ಜೊತೆಗೇ ಹೊಸ ಆರ್ಡರು, ಮತ್ತೆ ಸಾವಿರದ ಇನ್ನೂರು.

ಗೆದ್ದೆವು ಎಂದು ಕೆಲವರು ಪೇಢೆ ತರಲು ಹೊರಟರು. ಕಾಲಂ ಎಲ್ಲಿದೆ ಎಂದು ನಾನು ಕೇಳಿದೆ. ನಮ್ಮನ್ನು ಕ್ಷಮಿಸಿದ್ದರೇ ಹೊರತು ನಮ್ಮ ಮಾತನ್ನು ಕೇಳಿರಲಿಲ್ಲ. ಮತ್ತೆ ಕೂತು ಮಾತಾಡಿದೆವು. ಗಂಟಿಗೆ ಇಪ್ಪತ್ತೈದೇ ಇಡುವುದು. ಆರ್ಡರು ಆರ್ಡರಿನ ಹಾಗೆ ಹೋಗಲಿ. ಕೊಸರು ನಲವತ್ತೆಂಟನ್ನು ಬೇರೆ ಬಟ್ಟೆಯಲ್ಲಿ ಕಟ್ಟಿ, ಮೇಲೆ ಚೀಟಿ ಅಂಟಿಸಿ, ಮುಂಬಾಗಿಲಿನಿಂದಲೇ ಒಯ್ಯುವುದು. ಹೋದರೆ ಎರಡು ವರ್ಷ ಹೋಗಲಿ ಎಂದೆ. ಕೈ ಎತ್ತಿ ಎಂದಾಗ ಇಬ್ಬರು ಎತ್ತಲಿಲ್ಲ. ಅವರದೂ ತಪ್ಪಲ್ಲ, ಅವರ ಮನೆಯಲ್ಲಿ ಒಲೆ ಉರಿಯುವುದು ಈ ಒಲೆಯಿಂದಲೇ. ಮರುದಿನ ಎಲ್ಲರಿಗಿಂತ ಮೊದಲು ಬಂದು ಹಿಟ್ಟು ನಾದಿದವರು ಆ ಇಬ್ಬರೇ.

ಚೀಟಿಯನ್ನು ನಾನೇ ಬರೆದೆ. "ಕೊಸರು, ೪೮. ಇದು ಆರ್ಡರಿನಲ್ಲಿಲ್ಲ. ಎಣಿಸಿ, ದಾಖಲೆ ಮಾಡಿಕೊಂಡು ಊಟದ ಮನೆಗೆ ಕೊಡುವುದು."

ಸ್ಟೋರ್‌ಕೀಪರು ಸಾವಿರದ ಇನ್ನೂರನ್ನು ಎಣಿಸಿ ಮುಗಿಸಿದರು. ಎರಡೂ ಚೌಕ ಹಸಿರಾದವು. ಆಗ ನಾನು ಬಟ್ಟೆಯ ಗಂಟನ್ನು ಮೇಜಿನ ಮೇಲಿಟ್ಟೆ. ಅವರು ಚೀಟಿ ಓದಿ ಬಾಗಿಲ ಕಡೆ ನೋಡಿದರು.

"ಅಕ್ಕಾರ, ಇದನ್ನ ಅಡಗಿ ಮನಿ ಕಡೆ ಇಟ್ಟು ಹೋಗ್ರಿ. ನಾ ನೋಡಿಲ್ಲ."

"ನೋಡ್ರಿ" ಎಂದೆ. "ನೋಡ್ಬೇಕಂತನ ತಂದೀನಿ."

ಒಂದು ಫೋನು ಮಾಡಿದರೆ ನಮ್ಮ ಕಥೆ ಮುಗಿಯುತ್ತಿತ್ತು, ಅವರ ಕೈ ಫೋನಿನ ಹತ್ತಿರವೇ ಇತ್ತು. ಆಮೇಲೆ ಆ ಕೈ ಮೇಜಿನ ಖಾನೆ ಎಳೆದು ಸ್ಟೀಲಿನ ಸ್ಕೇಲು ತೆಗೆಯಿತು. ಮಾಲು ಬಂದದ್ದನ್ನು ಬರೆಯುವ ದಪ್ಪ ರಿಜಿಸ್ಟರು ತೆರೆದು, ಕೊನೆಯ ಕಾಲಮ್ಮಿನ ಪಕ್ಕ ಉಳಿದಿದ್ದ ಬಿಳಿ ಅಂಚಿನಲ್ಲಿ ಮೇಲಿನಿಂದ ಕೆಳಗೆ ಒಂದು ಗೆರೆ ಎಳೆದರು. ತಲೆಯಲ್ಲಿ "ಕೊಸರು" ಎಂದು ಬರೆದರು. ಗಂಟು ಬಿಚ್ಚಿದರು. "ಲಾಭಾ" ಎಂದರು, "ಎರಡು, ಮೂರು." ಆ ಪದವನ್ನು ಆ ಕಚೇರಿಯಲ್ಲಿ ಕೇಳುತ್ತೇನೆಂದು ನಾನು ಎಣಿಸಿರಲಿಲ್ಲ.

ನಲವತ್ತೆಂಟಕ್ಕೆ ಬಂದಾಗ ಬಟ್ಟೆಯಲ್ಲಿ ಇನ್ನೂ ಒಂದು ಇತ್ತು.

ಅವರು ನನ್ನನ್ನು ನೋಡಿದರು, ನಾನು ರೊಟ್ಟಿಯನ್ನು ನೋಡಿದೆ. ಇಷ್ಟೆಲ್ಲ ಜಗಳವಾಡಿ ಬಂದು ಮತ್ತೆ ಚೀಟಿಗೂ ಮಾಲಿಗೂ ಹೊಂದಿಕೆಯಿಲ್ಲ. ಅವರು ಮತ್ತೆ ಮೊದಲಿನಿಂದ ಎಣಿಸಿದರು. ನಲವತ್ತೊಂಬತ್ತು.

"ಒಂದ ತಗೀತೀರೋ, ಚೀಟಿ ತಿದ್ದತೀರೋ?"

"ಚೀಟಿ ತಿದ್ದತೀನಿ" ಎಂದೆ.

ಎಂಟನ್ನು ಹೊಡೆದು ಒಂಬತ್ತು ಮಾಡಿ, ಪಕ್ಕದಲ್ಲಿ ಸಹಿ ಮಾಡಿದೆ. ಅವತ್ತು ಮೇಜಿನ ಮೇಲೆ ಬಿಟ್ಟು ಬಂದಿದ್ದ ಅದೇ ಪೆನ್ನು. ಈ ತಪ್ಪು ನನ್ನದೇ ಆಗಿತ್ತು, ಹಾಗಾಗಿ ಕೈ ತಾನಾಗಿ ಎದ್ದಿತು. ಅವರು ಹೊಸ ಕಾಲಮ್ಮಿನಲ್ಲಿ ನಲವತ್ತೊಂಬತ್ತು ಎಂದು ಬರೆದು ತಮ್ಮ ಸಹಿಯನ್ನೂ ಹಾಕಿದರು.

ನಿಯಮ ಇನ್ನೂ ತಿದ್ದುತ್ತಲೇ ಇದ್ದಾರೆ. ಕಂಪ್ಯೂಟರಿನಲ್ಲಿ ಇವತ್ತಿಗೂ ಎರಡೇ ಚೌಕ. ಆ ರಿಜಿಸ್ಟರಿನಲ್ಲಿ ಮಾತ್ರ ಪುಟ ತಿರುಗಿಸಿದಾಗಲೆಲ್ಲ ಯಾರೋ ಸ್ಕೇಲು ಹಿಡಿದು ಆ ಗೆರೆಯನ್ನು ಎಳೆಯುತ್ತಿದ್ದಾರೆ. ನಾನು ಹೋದಾಗಲೆಲ್ಲ ಬಗ್ಗಿ ನೋಡಿ ಬರುತ್ತೇನೆ. ಇಲ್ಲವಾದ ದಿನ ಮತ್ತೆ ಎರಡು ಪುಟ ಬರೆಯುತ್ತೇನೆ.

ಅವತ್ತು ಖೋಲಿಗೆ ಬಂದಾಗ ಕಳ್ಳಕವಟಗಿಯಾಕಿ ಮುಂದಿನ ಮಾಲಿನ ದಾರ ಹರಿಯುತ್ತ ಕೂತಿದ್ದಳು. ಎಲ್ಲರೂ ಸುತ್ತ ಬಂದು ನಿಂತರು. ಬರೆದುಕೊಂಡರು ಎಂದು ಹೇಳಿದೆ. ಆಮೇಲೆ ಅವಳ ಕಡೆ ತಿರುಗಿ, ಕೊಸರಿನ ಗಂಟಿನಲ್ಲಿ ಒಂದು ಹೆಚ್ಚು ಇಟ್ಟವರು ಯಾರು, ನನ್ನ ಜೀವ ಹೋಗುವುದೊಂದು ಬಾಕಿ ಇತ್ತು ಎಂದೆ.

ಅವಳು ತಲೆ ಎತ್ತಲಿಲ್ಲ.

"ಅದೂ ಒಂದ ಗಂಟ ಅಲ್ಲೇನ ಬೇ" ಎಂದಳು.